ತಂತಿ ಕಿತ್ತರೂ ನಂಬರು ಉಳಿಯಬಹುದು

ಸೊನ್ನೆ, ಎಂಟು, ಮೂರು, ಸೊನ್ನೆ, ಒಂದು. ಹೊರಗಿನವರು ಮುಂಡಗೋಡ ತಾಲ್ಲೂಕಿನ ಸ್ಥಿರ ದೂರವಾಣಿಗೆ ಕರೆ ಮಾಡಬೇಕಾದರೆ ಮೊದಲು ಒತ್ತಬೇಕಾದ ಅಂಕಿಗಳಿವು. ನೆರೆಯ ಹಳಿಯಾಳಕ್ಕೆ 08284, ಜೊಯಿಡಾಕ್ಕೆ 08383, ಶಿರಸಿಗೆ 08384. ದಾಂಡೇಲಿ ಈಗ ಪ್ರತ್ಯೇಕ ತಾಲ್ಲೂಕಾಗಿದ್ದರೂ ದೂರವಾಣಿಯ ಲೆಕ್ಕದಲ್ಲಿ ಇನ್ನೂ ಹಳಿಯಾಳದ ಜತೆಗೇ ಇದೆ. ಊರಿನ ಹೆಸರನ್ನು ಅಕ್ಷರದಲ್ಲಿ ಬರೆಯುವುದು ಒಂದು ಬಗೆಯಾದರೆ, ಅಂಕಿಗಳಲ್ಲಿ ಬರೆಯುವುದು ಇನ್ನೊಂದು ಬಗೆ.

ಈ ಅಂಕಿಗಳ ಮುಂದೆ ಬರುವ ಆರಂಕಿಯ ಸಂಖ್ಯೆ ಮನೆಯ ಗುರುತು. ಲಗ್ನಪತ್ರಿಕೆಯ ಕೆಳಗೆ, ಅಂಗಡಿಯ ರಸೀತಿಯ ಮೇಲೆ, ಬ್ಯಾಂಕಿನ ಅರ್ಜಿಯಲ್ಲಿ ವರ್ಷಗಟ್ಟಲೆ ಅಚ್ಚಾದ ಸಂಖ್ಯೆ ಅದು. ಇಂದು ತಾಮ್ರದ ತಂತಿ ಮರೆಯಾಗಿ, ಕರೆಗಳು ಇಂಟರ್‌ನೆಟ್ಟಿನ ಮೂಲಕ ಹರಿಯತೊಡಗಿರುವಾಗ ಮನೆಮನೆಗಳಲ್ಲಿ ಒಂದು ಪ್ರಶ್ನೆ ಎದ್ದಿದೆ. ಹಳೆಯ ಬ್ರಾಡ್‌ಬ್ಯಾಂಡ್ ರದ್ದು ಮಾಡಿದರೆ ನಂಬರಿನ ಗತಿ ಏನು? ಮೊದಲು ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು? ಉತ್ತರ ತಿಳಿಯಬೇಕಾದರೆ ಈ ಸಂಖ್ಯೆ ಎಲ್ಲಿಂದ ಬಂತು, ಎಲ್ಲಿ ವಾಸವಾಗಿದೆ ಎಂಬುದನ್ನು ಮೊದಲು ನೋಡಬೇಕು.

ಕಾಯುವ ಕಾಲ

ಒಂದು ಕಾಲಕ್ಕೆ ದೂರದ ಊರಿಗೆ ಮಾತನಾಡುವುದೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದು ಎಂದೇ ಅರ್ಥ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ದರ್ಜೆಗಳಿದ್ದವು. ಅವಸರ ಹೆಚ್ಚಿದಂತೆ ದರವೂ ಏರುತ್ತಿತ್ತು. ಭಾರತದಲ್ಲಿ ಆಪರೇಟರ್ ನೆರವಿಲ್ಲದೆ ನೇರವಾಗಿ ಊರಿಂದೂರಿಗೆ ಡಯಲ್ ಮಾಡುವ ಎಸ್.ಟಿ.ಡಿ. ಸೌಲಭ್ಯ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಅದು ಸಣ್ಣ ಊರುಗಳಿಗೆ ತಲುಪಲು ದಶಕಗಳೇ ಹಿಡಿದವು.

ಹಳ್ಳಿಗೆ ಫೋನು ತಂದ ಯಂತ್ರದ ಕಥೆಯಲ್ಲಿ ಈ ಭಾಗಕ್ಕೂ ಒಂದು ಪಾಲಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಗ್ರಾಮೀಣ ಭಾರತಕ್ಕೆಂದೇ 128 ಲೈನುಗಳ ಪುಟ್ಟ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಒಂದನ್ನು ರೂಪಿಸಿತು. ಬಿಸಿಲು, ದೂಳು ತಡೆದುಕೊಂಡು, ಹವಾನಿಯಂತ್ರಣವಿಲ್ಲದ ಸಾಧಾರಣ ಕೋಣೆಯಲ್ಲೂ ನಡೆಯಬಲ್ಲದು ಎಂಬುದು ಅದರ ಹೆಚ್ಚುಗಾರಿಕೆ. ಆ ಬಗೆಯ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಆರಂಭಿಸಿದ್ದು ಧಾರವಾಡದ ಆಚೆ, ಬೆಳಗಾವಿ ರಸ್ತೆಯಲ್ಲಿರುವ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರು ಹೀಗೆ ದೂರವಾಣಿಯ ಚರಿತ್ರೆಯಲ್ಲೂ ಸೇರಿಕೊಂಡಿತು.

ಆಮೇಲೆ ಬಂದದ್ದು ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳ ಕಾಲ. ರಾತ್ರಿ ಹೊತ್ತೇರಿದ ಮೇಲೆ ದರ ಕಾಲುಭಾಗಕ್ಕೆ ಇಳಿಯುತ್ತಿದ್ದುದರಿಂದ ಬೂತುಗಳ ಮುಂದೆ ಆ ಹೊತ್ತಿಗೇ ಸಾಲು. ಮುಂಡಗೋಡದಲ್ಲಿ ಈ ಮಾತಿಗೆ ಇನ್ನೊಂದು ಆಯಾಮವೂ ಇದೆ. 1966ರಿಂದ ಇಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಇದೆ. 1969ರ ಸುಮಾರಿಗೆ ಪಶ್ಚಿಮ ಬಂಗಾಳದ ಬಕ್ಸಾದಿಂದ ಬಂದ ಭಿಕ್ಷುಗಳು ಗಾಂದೆನ್ ಮತ್ತು ದ್ರೆಪುಂಗ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿದರು. ಬಂಧುಬಳಗ ದೇಶದೇಶಗಳಲ್ಲಿ ಹಂಚಿಹೋದ ಜನರಿಗೆ ಒಂದು ದೂರವಾಣಿ ಸಂಖ್ಯೆ ಎಂದರೆ ಕೇವಲ ಸೌಕರ್ಯವಲ್ಲ, ವಿಳಾಸವೇ ಹೌದು.

ಯಜಮಾನ ಮತ್ತು ಬಾಡಿಗೆದಾರ

2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ತನ್ನ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿತು. ಹೊಸ ತಂತಿ ಬೇಕಾಗಲಿಲ್ಲ. ಮನೆಗೆ ಮೊದಲೇ ಬಂದಿದ್ದ ತಾಮ್ರದ ಜೋಡಿತಂತಿಯ ಮೇಲೆಯೇ ಅದು ಸವಾರಿ ಮಾಡಿತು. ಮನುಷ್ಯನ ಮಾತಿಗೆ ದೂರವಾಣಿ ಬಳಸುವುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ. ಅದರ ಮೇಲಿನ ಜಾಗವೆಲ್ಲ ಖಾಲಿ. ಆ ಖಾಲಿ ಜಾಗದಲ್ಲಿ ಇಂಟರ್‌ನೆಟ್ಟಿನ ಸಂಕೇತಗಳು ಹರಿದವು. ಎರಡನ್ನೂ ಬೇರ್ಪಡಿಸಲು ಗೋಡೆಯ ಬಳಿ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ.

ಆಗ ಮನೆಯ ಯಜಮಾನ ಫೋನು, ಬ್ರಾಡ್‌ಬ್ಯಾಂಡ್ ಅದರ ಬಾಡಿಗೆದಾರ. ಬಾಡಿಗೆದಾರ ಬಿಟ್ಟುಹೋದರೂ ಯಜಮಾನನಿಗೆ ತೊಂದರೆ ಇರಲಿಲ್ಲ. ಬ್ರಾಡ್‌ಬ್ಯಾಂಡ್ ಬೇಡವೆಂದು ಬರೆದುಕೊಟ್ಟರೂ ಫೋನು ತನ್ನ ಪಾಡಿಗೆ ತಾನು ರಿಂಗಾಗುತ್ತಿತ್ತು.

ಫೈಬರ್ ಬಂದ ಮೇಲೆ ಈ ಸಂಬಂಧ ತಲೆಕೆಳಗಾಯಿತು. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು, ಅಂದರೆ ಅಂಕಿಗಳ ರೂಪದ ಮಾಹಿತಿ. ಅದರಲ್ಲಿ ಮಾತಿಗೆ ಪ್ರತ್ಯೇಕ ದಾರಿಯಿಲ್ಲ. ಮಾತು ಕೂಡ ಸಣ್ಣ ಸಣ್ಣ ಪೊಟ್ಟಣಗಳಾಗಿ, ಚಿತ್ರ ಮತ್ತು ಪತ್ರಗಳ ಜತೆಗೇ ಪ್ರಯಾಣ ಮಾಡುತ್ತದೆ. ಮನೆಯೊಳಗಿನ ಪೆಟ್ಟಿಗೆಯ ಹಿಂಬದಿಯಲ್ಲಿ ಹಳೆಯ ಫೋನನ್ನೇ ಸಿಕ್ಕಿಸಲು ಒಂದು ಕಿಂಡಿ ಇರುತ್ತದೆ. ಫೋನು ಅದೇ, ರಿಂಗಿನ ಸದ್ದೂ ಅದೇ. ಆದರೆ ಒಳಗೆ ನಡೆಯುವುದು ಇಂಟರ್‌ನೆಟ್ ಕರೆಯ ವಿದ್ಯೆಯೇ. ಈಗ ಬ್ರಾಡ್‌ಬ್ಯಾಂಡೇ ಯಜಮಾನ, ಫೋನು ಬಾಡಿಗೆದಾರ. ಮನೆ ಹೋದರೆ ಬಾಡಿಗೆದಾರನಿಗೂ ನೆಲೆಯಿಲ್ಲ.

ಇಷ್ಟು ತಿಳಿದರೆ ಅರ್ಧ ಗೊಂದಲ ಪರಿಹಾರವಾದಂತೆ.

ಯಾವುದು ಮೊದಲು?

ಒಂದೇ ಕಂಪೆನಿಯಲ್ಲಿ ತಾಮ್ರದಿಂದ ಫೈಬರಿಗೆ ಬದಲಾಗುವವರಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳುವ ಅವಕಾಶ ಬಿ.ಎಸ್.ಎನ್.ಎಲ್.ನಲ್ಲಿ ಇದೆ. ಸಾಮಾನ್ಯವಾಗಿ ಅದು ಅದೇ ಎಕ್ಸ್‌ಚೇಂಜ್ ವ್ಯಾಪ್ತಿಗೆ ಸೀಮಿತ. ಇಲ್ಲಿ ಆಗುವ ತಪ್ಪು ಒಂದೇ. ಹೊಸದು ಬರುತ್ತದಲ್ಲ ಎಂದು ಹಳೆಯ ಸಂಪರ್ಕವನ್ನು ಮೊದಲೇ ರದ್ದು ಮಾಡಿಸುವುದು. ಸಂಪರ್ಕ ರದ್ದಾದರೆ ನಂಬರು ಇಲಾಖೆಯ ಬೊಕ್ಕಸಕ್ಕೆ ಮರಳುತ್ತದೆ, ಮುಂದೆ ಬೇರೆಯವರ ಪಾಲಾಗಲೂಬಹುದು. ಆದ್ದರಿಂದ ಅರ್ಜಿಯಲ್ಲಿ ‘ರದ್ದು’ ಎಂದು ಬರೆಯದೆ, ‘ಇದೇ ನಂಬರಿನಲ್ಲಿ ಫೈಬರಿಗೆ ಬದಲಾವಣೆ’ ಎಂದು ಸ್ಪಷ್ಟವಾಗಿ ಕೇಳುವುದು ಲೇಸು. ಬದಲಾದ ಮೇಲೆ ಬೇರೆ ಫೋನಿನಿಂದ ಆ ನಂಬರಿಗೆ ಕರೆ ಮಾಡಿ ರಿಂಗಾಗುವುದನ್ನು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಹಳೆಯ ಪ್ಲಾನಿನ ಬಿಲ್ ನಿಂತಿದೆಯೇ, ಮೋಡೆಮ್ ಹಿಂದಿರುಗಿಸಬೇಕೇ, ಠೇವಣಿ ಬರಬೇಕೇ ಎಂಬುದನ್ನು ವಿಚಾರಿಸಬಹುದು.

ಬೇರೆ ಕಂಪೆನಿಗೆ ಹೋಗುವವರ ಪರಿಸ್ಥಿತಿ ಬೇರೆ. ಮೊಬೈಲ್ ನಂಬರನ್ನು ಕಂಪೆನಿಯಿಂದ ಕಂಪೆನಿಗೆ ಒಯ್ಯುವ ಹಕ್ಕು ದೇಶದಾದ್ಯಂತ ಜಾರಿಯಾದದ್ದು 2011ರ ಜನವರಿ 20ರಂದು. ಸ್ಥಿರ ದೂರವಾಣಿಗೆ ಆ ಸವಲತ್ತು ಇಲ್ಲ. 2ರಿಂದ ಆರಂಭವಾಗುವ ಇಲ್ಲಿನ ಹಳೆಯ ಮನೆನಂಬರುಗಳು ಬಿ.ಎಸ್.ಎನ್.ಎಲ್.ಗೆ ಹಂಚಿಕೆಯಾದವು. ಖಾಸಗಿ ಫೈಬರ್ ಹಾಕಿಸಿದರೆ ಹೊಸ ನಂಬರು ಸಿಗುತ್ತದೆಯೇ ಹೊರತು ಹಳೆಯದು ಜತೆಗೆ ಬರುವುದಿಲ್ಲ. ಅಂಥವರು ಹಳೆಯ ಸಂಪರ್ಕವನ್ನು ಕನಿಷ್ಠ ಕೆಲವು ತಿಂಗಳು ಕಡಿಮೆ ಬಾಡಿಗೆಯ ಪ್ಲಾನಿನಲ್ಲಿ ಉಳಿಸಿಕೊಂಡು, ಬಂಧುಗಳಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಹೊಸ ನಂಬರು ತಿಳಿಸಿದ ಮೇಲೆ ಬಿಡುವುದು ಜಾಣತನ.

ಈಗಾಗಲೇ ಫೈಬರಿನ ಮೇಲೆ ಫೋನು ಇರುವವರು ನೆನಪಿಡಬೇಕಾದದ್ದು ಇನ್ನೊಂದು. ‘ಮಕ್ಕಳೆಲ್ಲ ಬೆಂಗಳೂರು ಸೇರ್ಯಾರ, ಇಂಟರ್‌ನೆಟ್ ಯಾಕ್ರಿ, ಫೋನ್ ಒಂದ ಇದ್ರ ಸಾಕು’ ಎಂದು ಬ್ರಾಡ್‌ಬ್ಯಾಂಡ್ ತೆಗೆಸಿದರೆ ಫೋನೂ ಹೋಗುತ್ತದೆ. ತಾಮ್ರದ ಕಾಲದ ಅಭ್ಯಾಸ ಇಲ್ಲಿ ನಡೆಯದು.

ಹೊರದೇಶಗಳಲ್ಲೂ ಇದೇ ಪಾಠ. ಅಮೆರಿಕದಲ್ಲಿ ಮನೆಯ ನಂಬರನ್ನೂ ಬೇರೆ ಕಂಪೆನಿಗೆ ಒಯ್ಯಬಹುದು. ಆದರೆ ವರ್ಗಾವಣೆ ಮುಗಿಯುವ ತನಕ ಹಳೆಯ ಸೇವೆಯನ್ನು ರದ್ದು ಮಾಡಬೇಡಿ ಎಂದು ಅಲ್ಲಿನ ನಿಯಂತ್ರಕ ಸಂಸ್ಥೆಯೇ ಗ್ರಾಹಕರಿಗೆ ಹೇಳುತ್ತದೆ. ಬ್ರಿಟನ್ನಿನಲ್ಲಿ ತಾಮ್ರದ ಹಳೆಯ ದೂರವಾಣಿ ಜಾಲವನ್ನು 2025ರ ಕೊನೆಗೆ ಮುಚ್ಚಬೇಕೆಂದಿದ್ದವರು, ವೃದ್ಧರು ಮತ್ತು ರೋಗಿಗಳ ತುರ್ತು ಕರೆ ಸಾಧನಗಳ ಚಿಂತೆಯಿಂದ ಗಡುವನ್ನು 2027ರ ಜನವರಿಗೆ ಮುಂದೂಡಿದರು. ಅಲ್ಲಿ ನಂಬರನ್ನು ಇಂಟರ್‌ನೆಟ್ ಕರೆಯ ಕಂಪೆನಿಗೆ ಒಯ್ದರೆ, ಅದೇ ತಂತಿಯ ಮೇಲಿದ್ದ ಬ್ರಾಡ್‌ಬ್ಯಾಂಡ್ ತಾನಾಗಿಯೇ ಕಡಿದುಹೋಗುವ ಸಂಭವವಿದೆ.

ಕರೆಂಟು ಹೋದಾಗ

ತಾಮ್ರದ ಫೋನಿಗೆ ಒಂದು ಗುಣವಿತ್ತು. ಅದಕ್ಕೆ ಬೇಕಾದ ವಿದ್ಯುತ್ತು, ಸುಮಾರು 48 ವೋಲ್ಟ್, ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ತಂತಿಯಲ್ಲಿ ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಮನೆಯ ಪೆಟ್ಟಿಗೆ ಆರಿದರೆ ಫೋನೂ ಮೂಕ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ಮಲೆನಾಡಿನ ಸೆರಗಿನ ಊರುಗಳಿಗೆ ಹೊಸತಲ್ಲ. ವಯಸ್ಸಾದವರಷ್ಟೇ ಇರುವ ಮನೆಯಲ್ಲಿ ಪೆಟ್ಟಿಗೆಯನ್ನು ಇನ್ವರ್ಟರಿಗೆ ಜೋಡಿಸುವುದು, 112ಕ್ಕೆ ಕರೆ ಮಾಡಲು ಚಾರ್ಜಾದ ಮೊಬೈಲ್ ಒಂದನ್ನು ಕೈಗೆಟಕುವಂತೆ ಇಡುವುದು ಅಗತ್ಯ.

ಆ್ಯಪ್ ಇರುವಾಗ ನಂಬರೇಕೆ?

ವಾಟ್ಸ್‌ಆ್ಯಪ್ ಇರುವಾಗ ಈ ತಾಪತ್ರಯವೆಲ್ಲ ಏಕೆ ಎಂಬ ಪ್ರಶ್ನೆಯೂ ಸಹಜವೇ. ಉತ್ತರಕ್ಕೆ ಮುಂಡಗೋಡದ ಕ್ಯಾಂಪುಗಳ ಕಡೆಗೇ ನೋಡಬಹುದು. ಟಿಬೆಟ್‌ನಲ್ಲಿ ಉಳಿದ ಬಂಧುಗಳೊಡನೆ ಮಾತನಾಡಲು ದೇಶಾಂತರದ ಟಿಬೆಟನ್ನರು ಬಹುವಾಗಿ ಬಳಸುತ್ತಿದ್ದುದು ವೀಚಾಟ್ ಎಂಬ ಚೀನಾದ ಆ್ಯಪ್. ವಾಟ್ಸ್‌ಆ್ಯಪ್‌ಗೆ ಚೀನಾದಲ್ಲಿ ತಡೆ ಇದೆ. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್ ಕೂಡ ಒಂದು. ಆ ಹೆಜ್ಜೆಯ ಕಾರಣಗಳು ಏನೇ ಇರಲಿ, ಭಾರತದಲ್ಲಿನ ಟಿಬೆಟನ್ ಕುಟುಂಬಗಳ ಪಾಲಿಗೆ ಮಾತಿನ ಒಂದು ದಾರಿ ಇದ್ದಕ್ಕಿದ್ದಂತೆ ಮುಚ್ಚಿತು.

ಆ್ಯಪ್ ಒಂದು ಕಂಪೆನಿಯ ಅಂಗಳ. ಒಳಗಿದ್ದವರು ಒಳಗಿದ್ದವರೊಡನೆ ಮಾತ್ರ ಮಾತನಾಡಬಹುದು. ನಂಬರು ಸಾರ್ವಜನಿಕ ರಸ್ತೆಯಿದ್ದಂತೆ. ಯಾವ ದೇಶದ, ಯಾವ ಕಂಪೆನಿಯ, ಎಷ್ಟೇ ಹಳೆಯ ಫೋನಿನಿಂದಲೂ ಅದನ್ನು ತಲುಪಬಹುದು. ಭಾರತದಲ್ಲಿ ಇಂಟರ್‌ನೆಟ್ ಕರೆಗೂ ನಂಬರಿಗೂ ನಂಟು ಬೆಸೆಯುವ ಅನುಮತಿ ದೊರೆತದ್ದು 2018ರಲ್ಲಿ. ಅದೇ ವರ್ಷ ಬಿ.ಎಸ್.ಎನ್.ಎಲ್. ವರ್ಷಕ್ಕೆ 1,099 ರೂಪಾಯಿ ದರದ ‘ವಿಂಗ್ಸ್’ ಎಂಬ ಸೇವೆಯನ್ನು ಪ್ರಕಟಿಸಿತು. ಸಿಮ್ ಇಲ್ಲದೆ, ಬರಿಯ ಇಂಟರ್‌ನೆಟ್ಟಿನಿಂದ ಯಾವ ಫೋನಿಗಾದರೂ ಕರೆ ಮಾಡುವ ಏರ್ಪಾಡು ಅದು.

ಟ್ರಂಕ್ ಕಾಲ್ ಹೋಯಿತು, ಹಳದಿ ಬೂತು ಹೋಯಿತು, 2013ರ ಜುಲೈಯಲ್ಲಿ ತಂತಿ ಸಂದೇಶವೂ ಹೋಯಿತು. ತಾಮ್ರದ ತಂತಿಯೂ ಅದೇ ದಾರಿ ಹಿಡಿದಿದೆ. ಅದಕ್ಕಾಗಿ ಹಳಹಳಿಸಬೇಕಾಗಿಲ್ಲ. ಆದರೆ ಎಲ್ಲೋ ದೂರದಲ್ಲಿ, ಹಳೆಯ ಡೈರಿಯ ಪುಟ ತಿರುವಿ 08301 ಎಂದು ಒತ್ತುವವರು ಇನ್ನೂ ಇದ್ದಾರು. ಅವರ ಕರೆ ಬಂದಾಗ ಈ ಕಡೆ ರಿಂಗಾಗಬೇಕಾದರೆ ಮಾಡಬೇಕಾದದ್ದು ಇಷ್ಟೇ: ನಂಬರು ಹೊಸ ಮನೆ ಸೇರಿದ್ದು ಖಾತ್ರಿಯಾದ ಮೇಲಷ್ಟೇ ಹಳೆಯ ಮನೆಯ ಬಾಗಿಲು ಹಾಕಬೇಕು.