ಸುರಂಗದಲ್ಲಿ ಕಂಪ್ಯೂಟರ್, ಬೀದಿಯಲ್ಲಿ ಮನುಷ್ಯ

ದೆಹಲಿಯ ಮೆಜೆಂಟಾ ಮಾರ್ಗದಲ್ಲಿ ಮೆಟ್ರೋ 2020ರ ಡಿಸೆಂಬರ್‌ನಲ್ಲೇ ಚಾಲಕರಿಲ್ಲದೆ ಓಡಲು ಶುರುಮಾಡಿತು. ನಮ್ಮ ಬೆಂಗಳೂರಿನ ಹಳದಿ ಮಾರ್ಗಕ್ಕೆ ಬಂದಿರೋದೂ ಅದೇ ಸಾಮರ್ಥ್ಯದ ರೈಲುಗಳೇ. ಹಾಗಾದ್ರೆ ರಸ್ತೆ ಮೇಲೆ ಓಡುವ ಟ್ರಾಮಿಗೆ ಇನ್ನೂ ಯಾಕೆ ಡ್ರೈವರ್ ಬೇಕು? ಇಂಜಿನಿಯರಿಂಗ್ ಓದಿದ್ದೀರಲ್ಲ, ಹೇಳಿ ಅಂತ ನನ್ನನ್ನು ಆಗಾಗ ಕೇಳ್ತಾರೆ.

ಉತ್ತರ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ. ಅಲ್ಲಿನ ಮ್ಯೂನಿ ಮೆಟ್ರೋ ಒಂದೇ ರೈಲು, ಎರಡು ಅವತಾರ. ಮಾರ್ಕೆಟ್ ಸ್ಟ್ರೀಟ್ ಕೆಳಗಿನ ಸುರಂಗದಲ್ಲಿ 1998ರಿಂದ ಅದನ್ನು ಓಡಿಸೋದು ಕಂಪ್ಯೂಟರ್. ಆ ವ್ಯವಸ್ಥೆ ದಶಕಗಳ ಕಾಲ ಫ್ಲಾಪಿ ಡಿಸ್ಕ್ ಮೇಲೇ ನಡೆಯಿತು! ಚಾಲಕರು ಕ್ಯಾಬಿನ್‌ನಲ್ಲಿ ಕೂತು ನಿಗಾ ಇಡ್ತಾರೆ. ಅದೇ ರೈಲು ಸುರಂಗ ದಾಟಿ ಬೀದಿಗೆ ಬಂತೋ, ಹಿಡಿತ ಚಾಲಕರ ಕೈಗೆ.

ಯಾಕೆ ಹೀಗೆ? ಸುರಂಗ ಅಂದ್ರೆ ಮುಚ್ಚಿದ ಜಗತ್ತು. ಯಾವ ರೈಲು ಎಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ಗೊತ್ತಿದ್ರೆ ಸಾಕು, ಕಂಪ್ಯೂಟರ್‌ಗೆ ಕಣ್ಣೇ ಬೇಕಿಲ್ಲ. ಬೀದಿ ಹಾಗಲ್ಲ. ಚೆಂಡಿನ ಹಿಂದೆ ಓಡಿಬರುವ ಮಗು ಯಾವ ಸಿಗ್ನಲ್ಲೂ ಕಳಿಸೋದಿಲ್ಲ.

ಲೆಕ್ಕವನ್ನೂ ನೋಡಿ. ಗಂಟೆಗೆ 36 ಕಿ.ಮೀ. ಅಂದ್ರೆ ಸೆಕೆಂಡಿಗೆ 10 ಮೀಟರ್. ಪ್ರತಿ ಸೆಕೆಂಡಿಗೆ ಒಂದು ಮೀಟರ್‌ನಷ್ಟು ವೇಗ ಇಳಿಸುತ್ತಾ ಮೆತ್ತಗೆ ಬ್ರೇಕ್ ಹಾಕಿದರೆ, ನಿಲ್ಲೋಕೆ 50 ಮೀಟರ್ ಬೇಕು. ಜೋರಾಗಿ ಹಾಕಿದರೆ ಬೇಗ ನಿಲ್ಲುತ್ತೆ, ಆದ್ರೆ ಒಳಗೆ ನಿಂತಿರುವ ಪ್ರಯಾಣಿಕರು ಮುಗ್ಗರಿಸಿ ಬೀಳ್ತಾರೆ. ಕಾರಿನಂತೆ ಪಕ್ಕಕ್ಕೆ ತಿರುಗಿಸೋಣ ಅಂದ್ರೆ ಹಳಿ ಬಿಡೋದಿಲ್ಲ. ಹಾಗಾಗಿ ಪಾದಚಾರಿಯ ಹೆಜ್ಜೆ ನೋಡಿಯೇ 'ಇವರು ಈಗ ದಾಟ್ತಾರೆ' ಅಂತ ಮೊದಲೇ ಊಹಿಸಬೇಕು. ಅನುಭವಿ ಚಾಲಕರ ಬೆಲೆ ಇರೋದು ಇಲ್ಲೇ.

ಹಾಗಂತ ಮನುಷ್ಯನೇ ಸದಾ ಮೇಲು ಅಂದ್ಕೋಬೇಡಿ. 2009ರ ಜುಲೈನಲ್ಲಿ ಇದೇ ಮ್ಯೂನಿಯ ವೆಸ್ಟ್ ಪೋರ್ಟಲ್ ನಿಲ್ದಾಣಕ್ಕೆ ಬರುತ್ತಿದ್ದ ರೈಲನ್ನು ಚಾಲಕರು ಸ್ವಯಂಚಾಲಿತ ವ್ಯವಸ್ಥೆಯಿಂದ ತಪ್ಪಿಸಿ ತಮ್ಮ ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಅವರಿಗೆ ಪ್ರಜ್ಞೆ ತಪ್ಪಿತು. ರೈಲು ಮುಂದೆ ನಿಂತಿದ್ದ ಇನ್ನೊಂದು ರೈಲಿಗೆ ಗುದ್ದಿತು. 40ಕ್ಕೂ ಹೆಚ್ಚು ಜನ ಗಾಯಗೊಂಡರು.

2018ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಕ್ಯಾಮೆರಾ, ರೇಡಾರ್ ಕಟ್ಟಿಕೊಂಡ ಟ್ರಾಮ್ ನಿಜವಾದ ರಸ್ತೆಯಲ್ಲೇ ತಾನಾಗಿ ಓಡಿ ತೋರಿಸಿತು. ಆದರೂ ಕ್ಯಾಬಿನ್‌ನಲ್ಲಿ ಚಾಲಕರು ಕೂತೇ ಇದ್ದರು.

ಆದ್ದರಿಂದ ಯಂತ್ರ ಒಳ್ಳೆಯದೋ ಮನುಷ್ಯ ಒಳ್ಳೆಯವನೋ ಅನ್ನೋ ಜಗಳ ಬಿಡಿ. ಹಳಿಗೆ ಬೇಲಿ ಇದೆಯೋ ಇಲ್ಲವೋ, ಅದನ್ನು ಕೇಳಿ. ಬೇಲಿ ಇದ್ದಲ್ಲಿ ಯಂತ್ರಕ್ಕೆ ಬಿಡಿ. ಇಲ್ಲದ ಕಡೆ, ಸದ್ಯಕ್ಕಂತೂ, ಡ್ರೈವರ್ ಸಂಬಳ ಉಳಿಸುವ ಲೆಕ್ಕ ಹಾಕಬೇಡಿ. ಅದರ ಬೆಲೆ ಕಟ್ಟೋದು ರಸ್ತೆ ದಾಟುತ್ತಿರುವವರು.