ದುಡಿಯೋಕೂ ದುಡ್ಡು ಕಟ್ಟಬೇಕಾ?

ಬೆಳಿಗ್ಗೆ ಏಳೂವರೆಗೆ ಬನಶಂಕರಿ ಬಸ್ ನಿಲ್ದಾಣದಲ್ಲಿ ನಿಂತು ನೋಡಿ ಸ್ವಾಮಿ. ಇಸ್ತ್ರಿ ಮಾಡಿದ ಶರಟು, ಕೈಯಲ್ಲೊಂದು ಫೈಲು, ಮುಖದಲ್ಲಿ ಅರ್ಧ ಧೈರ್ಯ, ಅರ್ಧ ದಿಗಿಲು. ಇಂಜಿನಿಯರಿಂಗ್ ಹುಡುಗ ಇಂಟರ್ನ್‌ಷಿಪ್ ಹುಡುಕಿಕೊಂಡು ಹೊರಟಿದ್ದಾನೆ ಅಂತಲೇ ತಿಳಿಯಿರಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಇಂಟರ್ನ್‌ಷಿಪ್ ಕಡ್ಡಾಯ. ಗುರುತಿನವರಿದ್ದವನಿಗೆ ಒಂದೇ ಫೋನಿನಲ್ಲಿ ಜಾಗ. ಇಲ್ಲದವನು ಪೀಣ್ಯದ ಶೆಡ್ಡುಗಳ ಗೇಟಿನಲ್ಲಿ ವಾಚ್‌ಮನ್‌ಗೆ ಸಲಾಂ ಹೊಡೆಯಬೇಕು. ಈ ಗಡಿಬಿಡಿಯಲ್ಲೇ 'ಫೀಜು ಕಟ್ಟು, ಸರ್ಟಿಫಿಕೇಟು ತಗೋ' ಅನ್ನುವವರು ಎದುರಾಗುತ್ತಾರೆ. ದುಡ್ಡೂ ಹೋಯಿತು, ಮೆಷಿನ್ನಿನ ಮುಖವನ್ನೂ ನೋಡಲಿಲ್ಲ! ನಾಳೆ ಸಂದರ್ಶನದಲ್ಲಿ 'ಏನಪ್ಪಾ ಕಲಿತೆ?' ಅಂದರೆ ಕಾಗದ ಮಾತಾಡೀತೇ?

ಓದು ಮುಗಿದವರಿಗೆ ಕಾನೂನಿನ ದಾರಿಯೇ ಇದೆ. 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ತಿದ್ದುಪಡಿಯಾಗಿ ಪದವಿ, ಡಿಪ್ಲೊಮಾ ಇಂಜಿನಿಯರುಗಳೂ ಅದರೊಳಗೆ ಬಂದರು. ಇಲ್ಲಿ ಹುಡುಗ ಕಟ್ಟುವುದಲ್ಲ, ಕಂಪನಿಯೇ ಸ್ಟೈಪೆಂಡು ಕೊಡಬೇಕು. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಗೊತ್ತುಮಾಡಿದರು. ಆ ಕನಿಷ್ಠದಲ್ಲಿ ಅರ್ಧ ಭಾರವನ್ನು ಕೇಂದ್ರ ಸರ್ಕಾರ ಹೊರುತ್ತದೆ. 'ನ್ಯಾಟ್ಸ್' ಪೋರ್ಟಲಿನಲ್ಲಿ ಹೆಸರು ಬರೆಸಿದರೆ ಆಯಿತು.

2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆ-ಬೊಮ್ಮಸಂದ್ರ ಮೆಟ್ರೋ ಓಡುತ್ತಿದೆ. ಜಯನಗರ, ಬಿಟಿಎಂ ಹುಡುಗರಿಗೆ ಬೊಮ್ಮಸಂದ್ರದ ಕಾರ್ಖಾನೆಗಳು ಹತ್ತಿರವಾದವು. ರೈಲು ಗೇಟಿನ ತನಕ ಬಿಟ್ಟೀತು. ಗೇಟು ತೆಗೆಯಬೇಕಾದವರು ಮಾಲೀಕರು.

ಅಂಗಡಿ ಯಜಮಾನರೇ, ನಿಮ್ಮ ಗಿರಾಕಿಗಳಲ್ಲಿ ವರ್ಕ್‌ಷಾಪು ಇಟ್ಟವರಿದ್ದರೆ ಒಂದು ಮಾತು ಹಾಕಿ. ಹುಡುಗ ಒಳಗೆ ಹೋಗಿ ನಾಲ್ಕು ದಿನ ಕೈ ಮಸಿ ಮಾಡಿಕೊಳ್ಳಲಿ. ಕೊಂಡು ತಂದ ಸರ್ಟಿಫಿಕೇಟು ಆ ಮಸಿಗೆ ಸಮನಾದೀತೇ?