ಶರೀಫರ ಪದ, ರಾಕ್ ಗಿಟಾರು: ಹೊಸಬರು ಯಾವುದನ್ನು ಮೊದಲು ಕೇಳಬೇಕು?

ಕನ್ನಡ ಎಂದರೆ ಪರೀಕ್ಷೆಗೆ, ಹಾಡು ಎಂದರೆ ಹಿಂದಿ. ನಮ್ಮ ಕಾಲೇಜಿನ ಅನೇಕರ ರೂಢಿ ಇದು. ಮನೆಯಲ್ಲಿ ಉರ್ದು ಮಾತನಾಡುವ ನನ್ನದೂ ಅದೇ ರೂಢಿಯಾಗಿತ್ತು. ಅದನ್ನು ಬದಲಿಸಿದ್ದು ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ ಅವರ ಮೊದಲ ಎರಡು ಆಲ್ಬಮ್‌ಗಳು. ಅವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ ಹಾಡುಗಳ ಕವಿ ಸಂತ ಶಿಶುನಾಳ ಶರೀಫರು (1819–1889).

ಶರೀಫರು ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಮುಸ್ಲಿಂ ಮನೆಯಲ್ಲಿ ಹುಟ್ಟಿ, ಗೋವಿಂದ ಭಟ್ಟರನ್ನು ಗುರುವಾಗಿ ಪಡೆದರು. ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರು. ಕಣ್ಣೆದುರಿನ ಕೋಳಿ, ಮಾಳಿಗೆ, ಗುಡುಗುಡಿ ಹಿಡಿದೇ ದೊಡ್ಡ ಮಾತು ಹೇಳಿದರು. ಯಾರ ಮುಲಾಜಿಗೂ ಬೀಳಲಿಲ್ಲ. ಅಮೆರಿಕದಲ್ಲಿ ಕವಯಿತ್ರಿ ಪ್ಯಾಟಿ ಸ್ಮಿತ್ 1975ರ ‘ಹಾರ್ಸಸ್’ ಆಲ್ಬಮ್‌ನಲ್ಲಿ ಕವಿತೆಯನ್ನು ರಾಕ್ ಸಂಗೀತಕ್ಕೆ ತಂದಾಗ ಅದನ್ನು ಪಂಕ್‌ನ ಆರಂಭಗಳಲ್ಲೊಂದು ಎಂದರು. ಅಂಥ ದಿಟ್ಟತನ ಶರೀಫರ ಪದಗಳಲ್ಲಿ ಮೊದಲೇ ಇತ್ತು. ಗಿಟಾರು ತಡವಾಗಿ ಬಂತು, ಅಷ್ಟೆ.

ಮೊದಲ ಆಲ್ಬಮ್ ‘ಅಂತರಾಗ್ನಿ’ (2008). ಇದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳೂ ಇವೆ. ಹೊಸಬರು ‘ಗುಡುಗುಡಿಯ ಸೇದಿ ನೋಡೊ’ದಿಂದ ಶುರು ಮಾಡಿ. ಗುಡುಗುಡಿ ಎಂದರೆ ಹುಕ್ಕಾ. ಉರ್ದುವಿನಲ್ಲೂ ಹತ್ತಿರದ ಪದವೇ ಇದೆ. ಆದರೆ ಇಲ್ಲಿ ಸುಡಬೇಕಾದದ್ದು ತಂಬಾಕಲ್ಲ, ನಮ್ಮೊಳಗಿನ ಕೆಟ್ಟ ಗುಣ. ಆಮೇಲೆ ‘ಸೋರುತಿಹುದು ಮನಿಯ ಮಾಳಿಗಿ’. ಸೋರುವ ಮಾಳಿಗೆ ಅಂದರೆ ಅಜ್ಞಾನದಿಂದ ಹಾಳಾಗುವ ಬದುಕು. ಮಾತು ಸ್ಪಷ್ಟವಾಗಿ ಕೇಳುವುದು ಈ ಆಲ್ಬಮ್‌ನ ಗುಣ. ಶರೀಫರ ಪದಗಳು ಎರಡೇ ಎಂಬುದು ಕೊರತೆ.

ಎರಡನೆಯದು ‘ಜಗ್ ಚಂಗಾ’ (2013). ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಇದರಲ್ಲಿವೆ. ವಾದ್ಯಗಳ ಅಬ್ಬರ ಹೆಚ್ಚು, ಕುಣಿಯಲು ಚೆನ್ನ. ಆದರೆ ಕೋಳಿ ಕೋತಿಯನ್ನು ನುಂಗುವ ಒಗಟನ್ನು ನಿಧಾನವಾಗಿ ಯೋಚಿಸಬೇಕು. ವೇಗದಲ್ಲಿ ಅರ್ಥ ಜಾರಿಹೋಗುತ್ತದೆ. ಆದ್ದರಿಂದ ಇದನ್ನು ಎರಡನೆಯದಾಗಿಯೇ ಕೇಳಿ. ಜೊತೆಗೆ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವತ್ಥ್ ಮಾಡಿದ ಸಂಗೀತವನ್ನೂ ಕೇಳಿದರೆ, ರಾಕ್ ಏನು ಸೇರಿಸಿತು, ಏನು ಬಿಟ್ಟಿತು ಎಂಬುದು ಗೊತ್ತಾಗುತ್ತದೆ.

ನಮ್ಮ ಕನ್ನಡ ಸಾಲದು ಎಂದು ಹಿಂಜರಿಯಬೇಡಿ. ಶರೀಫರದು ಉತ್ತರ ಕರ್ನಾಟಕದ ಮಾತು. ಕೋಡಗ ಎಂದರೇನು ಎಂದು ಮಾಗಡಿ, ಕನಕಪುರದ ಕನ್ನಡ ಮನೆಯ ಗೆಳೆಯರನ್ನು ಕೇಳಿದೆ. ಅವರೂ ನನ್ನ ಹಾಗೆಯೇ ತಡವರಿಸಿದರು. ಇಲ್ಲಿ ಎಲ್ಲರೂ ಒಂದೇ ಬೆಂಚಿನವರು. ಮೊದಲು ಸಾಹಿತ್ಯ ಓದಿ, ತಿಳಿಯದ ಪದವನ್ನು ಕನ್ನಡ ಉಪನ್ಯಾಸಕರನ್ನು ಕೇಳಿ, ಆಮೇಲೆ ಹಾಡು ಹಾಕಿ. ಚನ್ನಪಟ್ಟಣದಿಂದ ರಾಮನಗರಕ್ಕೆ ಬಸ್ಸು ಬರುವಷ್ಟರಲ್ಲಿ ಈ ನಾಲ್ಕೂ ಹಾಡು ಮುಗಿಯುತ್ತವೆ.

ಕನ್ನಡದಲ್ಲಿ ಇಷ್ಟು ಸಲುಗೆಯಿಂದ ಹಾಡಿದವರ ಹೆಸರು ಶರೀಫ. ಹಾಗಾದರೆ ಈ ಭಾಷೆ ನಮಗೂ ಬರೀ ಪರೀಕ್ಷೆಯದಾಗಿ ಉಳಿಯಬೇಕಿಲ್ಲ.